ಕಾಣದವರಿಗೆ ಕಾಣಿಸುವ ದನಿ

ಶೃಂಗೇರಿಯಿಂದ ಕಾರ್ಕಳದ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಕಾಡು ದಟ್ಟವಾಗತೊಡಗುವ ಜಾಗದಲ್ಲಿ ನಮ್ಮೂರು ಕೆರೆಕಟ್ಟೆ. ನಾನು ಹುಡುಗನಾಗಿದ್ದಾಗ ಹೊರಜಗತ್ತು ಆ ಊರಿಗೆ ಎರಡು ದಾರಿಗಳಿಂದ ಬರುತ್ತಿತ್ತು. ಒಂದು, ದಿನಕ್ಕೆ ಎಣಿಸಿದಷ್ಟು ಬಾರಿ ಬರುತ್ತಿದ್ದ ಬಸ್ಸು. ಇನ್ನೊಂದು, ನಮ್ಮ ಮನೆಯ ಜಗುಲಿಯ ಗೂಡಿನಲ್ಲಿದ್ದ ಬ್ಯಾಟರಿ ರೇಡಿಯೊ. ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಪರವಾನಗಿ ಶುಲ್ಕ ಕಟ್ಟಿ ರೇಡಿಯೊ ಇಟ್ಟುಕೊಳ್ಳಬೇಕಾಗಿದ್ದ ಕಾಲವದು. ಗುಡ್ಡಗಳ ನಡುವಿನ ಊರಾದ್ದರಿಂದ ಹಲಸಿನ ಮರಕ್ಕೆ ತಂತಿ ಎಳೆದು ಕಟ್ಟಿದರೆ ಮಾತ್ರ ದನಿ ಸ್ಪಷ್ಟವಾಗುತ್ತಿತ್ತು. ಮಳೆಗಾಲದಲ್ಲಿ ಅದೂ ಇಲ್ಲ. ಗುಡುಗು, ಗೊರಗೊರ ಸದ್ದುಗಳ ನಡುವೆ ವಾರ್ತೆಯ ಅರ್ಧ ವಾಕ್ಯ ಸಿಕ್ಕರೆ ಅದೇ ಪುಣ್ಯ.

ಆ ರೇಡಿಯೊ ಇದ್ದದ್ದು ಮುಖ್ಯವಾಗಿ ನಮ್ಮ ತಂದೆಯವರಿಗಾಗಿ. ನಲವತ್ತೈದು ದಾಟುವಷ್ಟರಲ್ಲಿ ಅವರ ಎರಡೂ ಕಣ್ಣುಗಳ ದೃಷ್ಟಿ ಹೋಗಿತ್ತು. ಗ್ಲುಕೋಮಾ ಎಂಬ ಹೆಸರು ನಮ್ಮ ಮನೆಗೆ ತಿಳಿಯುವ ವೇಳೆಗೆ ಕಾಯಿಲೆ ತನ್ನ ಕೆಲಸ ಮುಗಿಸಿತ್ತು. ಅಡಿಕೆ ತೋಟದ ಪ್ರತಿ ಮರವನ್ನೂ ಕೈಯಿಂದ ಮುಟ್ಟಿ ಗುರುತಿಸುತ್ತಿದ್ದ ಅವರಿಗೆ ತೋಟದಾಚೆಯ ಜಗತ್ತನ್ನು ಕಾಣಿಸುತ್ತಿದ್ದುದು ಆ ಪೆಟ್ಟಿಗೆ ಮಾತ್ರ. ವಾರ್ತೆ, ಯಕ್ಷಗಾನ, ಮೈಸೂರು ದಸರೆಯ ಜಂಬೂಸವಾರಿಯ ವೀಕ್ಷಕ ವಿವರಣೆ ಇವೆಲ್ಲ ಅವರಿಗೆ ಪ್ರಿಯವಾಗಿದ್ದವು. ಇವೆಲ್ಲಕ್ಕಿಂತ ಹೆಚ್ಚಿನ ಪ್ರೀತಿ ಹಾಕಿಯ ಮೇಲಿತ್ತು. ಯೌವನದಲ್ಲಿ ಕೊಡಗಿನ ಕಾಫಿ ತೋಟವೊಂದರಲ್ಲಿ ಕೆಲವು ವರ್ಷ ಲೆಕ್ಕ ಬರೆದುಕೊಂಡಿದ್ದವರು ಅಲ್ಲಿಂದ ಈ ಗೀಳನ್ನು ತಂದಿದ್ದರು. ಆದರೆ ಹಾಕಿಯ ವಿವರಣೆ ಬರುತ್ತಿದ್ದುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಅವರಿಗೆ ಎರಡೂ ಬಾರದು. ಶಾಲೆಯಲ್ಲಿ ಮೂರನೆಯ ಭಾಷೆಯಾಗಿ ಹಿಂದಿ ಕಲಿಯುತ್ತಿದ್ದ ನಾನೇ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಹೇಳಬೇಕಾಗಿತ್ತು.

1975ರ ಮಾರ್ಚ್ 15, ಶನಿವಾರ. ಕ್ವಾಲಾಲಂಪುರದಲ್ಲಿ ವಿಶ್ವಕಪ್ ಹಾಕಿಯ ಫೈನಲ್, ಎದುರಾಳಿ ಪಾಕಿಸ್ತಾನ. ಅದಕ್ಕೂ ಮೊದಲು ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಎದುರು ಸೋಲಿನ ಅಂಚಿನಲ್ಲಿದ್ದ ಭಾರತವನ್ನು ಅಸ್ಲಂ ಶೇರ್ ಖಾನ್ ಕೊನೆಯ ನಿಮಿಷಗಳಲ್ಲಿ ಗೋಲು ಹೊಡೆದು ಉಳಿಸಿದ್ದರು. ತಂಡದಲ್ಲಿ ನಮ್ಮ ಕೊಡಗಿನ ಬಿ.ಪಿ. ಗೋವಿಂದ ಇದ್ದರು ಎಂಬುದು ತಂದೆಯವರಿಗೆ ಸ್ವಂತ ಮನೆಯ ಸಂಗತಿಯಂತಿತ್ತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದ ನಾನು ಪುಸ್ತಕ ಮುಚ್ಚಿಟ್ಟು ರೇಡಿಯೊದ ಮುಂದೆ ಕುಳಿತೆ. ಆ ಕಡೆಯಿಂದ ಬಂದ ದನಿ ಜಸ್‌ದೇವ್ ಸಿಂಗ್ ಅವರದು.

ಮೊದಲ ಅವಧಿಯಲ್ಲಿ ಪಾಕಿಸ್ತಾನದ ಜಾಹಿದ್ ಶೇಖ್ ಗೋಲು ಹೊಡೆದರು. ನಾನು ಆ ಮಾತನ್ನು ನುಂಗಿಕೊಂಡೆ. ತಂದೆಯವರಿಗೆ ಬೇಸರವಾಗಬಾರದು ಎಂಬ ಆಲೋಚನೆ. ಚೆಂಡು ಇನ್ನೂ ಮೈದಾನದ ಮಧ್ಯದಲ್ಲಿದೆ ಎಂದುಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಗೋಲು ಹೊಡೆದರಲ್ಲವೇ?" ಎಂದರು. ನಾನು ತಲೆ ತಗ್ಗಿಸಿದೆ. ಅವರಿಗೆ ಅದು ಕಾಣುವುದಿಲ್ಲವೆಂದು ನೆನಪಾಗಿ "ಹೌದು" ಎಂದೆ. "ನನಗೆ ಹಿಂದಿ ಬಾರದಿದ್ದರೂ ಕಿವಿ ಇದೆ. ಆ ಮನುಷ್ಯನ ದನಿ ಕುಸಿಯಿತು, ಹಿಂದೆ ಜನ ಕೂಗಿದರು. ಅವನು ಹೇಳಿದ್ದನ್ನು ನನಗೆ ಹೇಳು. ನನಗೆ ಹಿತವಾಗುವುದನ್ನು ಹೇಳಬೇಡ" ಎಂದರು. ಗದರಲಿಲ್ಲ. ಆದರೆ ಐವತ್ತು ವರ್ಷಗಳಾದರೂ ಆ ಮಾತು ನನ್ನ ಕಿವಿಯಲ್ಲಿದೆ.

ಉತ್ತರಾರ್ಧದಲ್ಲಿ ಸುರ್ಜೀತ್ ಸಿಂಗ್ ಸಮ ಮಾಡಿದರು. ಬಳಿಕ ಧ್ಯಾನಚಂದರ ಮಗ ಅಶೋಕ್ ಕುಮಾರ್ ಹೊಡೆದ ಚೆಂಡು ಗೋಲಿನ ಕಂಬಕ್ಕೆ ಬಡಿದು ಹೊರಚಿಮ್ಮಿತು. ಅದು ಗೋಲೇ ಎಂದು ಅಂಪೈರ್ ತೀರ್ಪು ಕೊಟ್ಟರು. ಪಾಕಿಸ್ತಾನದ ಆಟಗಾರರು ಪ್ರತಿಭಟಿಸಿದರು. ಇದೆಲ್ಲವನ್ನೂ ನಾನು ಆ ಸಲ ಒಂದನ್ನೂ ಬಿಡದೆ ಹೇಳಿದೆ. ಭಾರತ 2-1ರಿಂದ ಗೆದ್ದಿತು. ಹಾಕಿ ವಿಶ್ವಕಪ್ಪನ್ನು ಭಾರತದ ಪುರುಷರು ಗೆದ್ದದ್ದು ಅದೊಂದೇ ಸಲ.

ಜಸ್‌ದೇವ್ ಸಿಂಗ್ ಅವರ ವೃತ್ತಿಜೀವನದ ಕಥೆ ನನಗೆ ತಿಳಿದದ್ದು ಬಹಳ ತಡವಾಗಿ. 1931ರಲ್ಲಿ ರಾಜಸ್ಥಾನದ ಬೌಂಲಿ ಎಂಬಲ್ಲಿ ಹುಟ್ಟಿದವರು ಅವರು. 1948ರಲ್ಲಿ ಗಾಂಧೀಜಿಯವರ ಅಂತಿಮಯಾತ್ರೆಯ ಬಗ್ಗೆ ಮೆಲ್ವಿಲ್ ಡಿ ಮೆಲ್ಲೊ ಆಕಾಶವಾಣಿಯಲ್ಲಿ ನೀಡಿದ ಇಂಗ್ಲಿಷ್ ವಿವರಣೆಯನ್ನು ಕೇಳಿ, ತಾನೂ ಇಂಥ ಕೆಲಸ ಮಾಡಬೇಕು, ಅದನ್ನು ಹಿಂದಿಯಲ್ಲಿ ಮಾಡಬೇಕು ಎಂದು ಆ ಹುಡುಗ ನಿಶ್ಚಯಿಸಿದ್ದ. 1955ರಲ್ಲಿ ಜೈಪುರ ಆಕಾಶವಾಣಿ ಸೇರಿ, 1963ರಲ್ಲಿ ದೆಹಲಿಗೆ ಬಂದರು. ಆ ವರ್ಷದಿಂದ ಕೆಂಪುಕೋಟೆಯ ಸ್ವಾತಂತ್ರ್ಯೋತ್ಸವಕ್ಕೆ, ರಾಜಪಥದ ಗಣರಾಜ್ಯೋತ್ಸವಕ್ಕೆ ದಶಕಗಳ ಕಾಲ ಅವರದೇ ದನಿ. ಒಂಬತ್ತು ಒಲಿಂಪಿಕ್ಸ್, ಎಂಟು ಹಾಕಿ ವಿಶ್ವಕಪ್, ಆರು ಏಷ್ಯನ್ ಕ್ರೀಡಾಕೂಟಗಳನ್ನು ದೇಶಕ್ಕೆ ಕೇಳಿಸಿದರು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅವರಿಗೆ ಒಲಿಂಪಿಕ್ ಆರ್ಡರ್ ಗೌರವ ನೀಡಿತು. 1985ರಲ್ಲಿ ಪದ್ಮಶ್ರೀ, 2008ರಲ್ಲಿ ಪದ್ಮಭೂಷಣ ಸಂದವು. 2018ರ ಸೆಪ್ಟೆಂಬರ್ 25ರಂದು ತೀರಿಕೊಂಡಾಗ ಅವರಿಗೆ 87 ವರ್ಷ.

ಜಸ್‌ದೇವ್ ತಟಸ್ಥರೇನೂ ಆಗಿರಲಿಲ್ಲ. ಭಾರತ ಗೆಲ್ಲಬೇಕೆಂಬ ಆಸೆ ಅವರ ದನಿಯಲ್ಲಿ ಎದ್ದು ಕೇಳುತ್ತಿತ್ತು. ಆದರೆ ಚೆಂಡು ಎಲ್ಲಿದೆಯೋ ಅಲ್ಲಿಯೇ ಇದೆಯೆಂದು ಅವರು ಹೇಳುತ್ತಿದ್ದರು. ಆಸೆ ದನಿಯಲ್ಲಿತ್ತು, ಸಂಗತಿ ಮಾತಿನಲ್ಲಿತ್ತು. ಇವೆರಡನ್ನು ಬೆರೆಸದಿರುವುದು ಎಷ್ಟು ಕಷ್ಟ ಎಂಬುದನ್ನು ನಾನು ಸರ್ಕಾರಿ ಸೇವೆಗೆ ಸೇರಿದ ಮೇಲೆ ಕಂಡುಕೊಂಡೆ. 1986ರ ಬರಗಾಲದಲ್ಲಿ, ಕಿರಿಯ ಅಧಿಕಾರಿಯಾಗಿದ್ದ ನಾನು ಬಯಲುಸೀಮೆಯ ಒಂದು ತಾಲ್ಲೂಕಿನ ಬೆಳೆಯ ಆನೆವಾರಿ ವರದಿ ಸಿದ್ಧಪಡಿಸುತ್ತಿದ್ದೆ. ಅಂಕಿಗಳನ್ನು ಒಂದೆರಡು ಆಣೆ ಮೇಲಕ್ಕೆ ಎತ್ತಿದರೆ ಎಲ್ಲರಿಗೂ ನೆಮ್ಮದಿ ಎಂದು ಹಿರಿಯರೊಬ್ಬರು ಸೂಚಿಸಿದರು. ಆ ಹೊಲಗಳನ್ನು ನೋಡಿದವನು ನಾನು. ವರದಿ ಓದುವವರು ನೋಡಿರಲಿಲ್ಲ. ಕಾಣದೆ ಕುಳಿತವನಿಗೆ ಹಿತವಾಗುವುದನ್ನು ಹೇಳಿಬಿಡುವ ಅಧಿಕಾರ ಎಂಥದೆಂದು ಅಂದು ಮತ್ತೆ ಅರಿವಾಯಿತು. ಕಂಡ ಅಂಕಿಯನ್ನೇ ಬರೆದೆ. ವರ್ಷದೊಳಗೆ ನನ್ನ ವರ್ಗಾವಣೆಯೂ ಆಯಿತು. ಆ ಎರಡಕ್ಕೂ ಸಂಬಂಧವಿತ್ತೆಂದು ನಾನು ಇಂದಿಗೂ ಖಚಿತವಾಗಿ ಹೇಳಲಾರೆ.

ಈ ಕಸುಬಿನ ಬಗ್ಗೆ ನನ್ನ ಕುತೂಹಲ ಮತ್ತೆ ಕೆರಳಿದ್ದು 2016ರ ಸೆಪ್ಟೆಂಬರ್‌ನಲ್ಲಿ, ದೂರದ ಲಾಸ್ ಏಂಜಲೀಸ್‌ನಲ್ಲಿ. ರಜೆ ಹಾಕಿ ಮಗಳ ಮನೆಗೆ ಹೋಗಿದ್ದೆ. ಪಕ್ಕದ ಮನೆಯ ವೃದ್ಧರೊಬ್ಬರು ಸಂಜೆ ಅಂಗಳದಲ್ಲಿ ರೇಡಿಯೊ ಹಚ್ಚಿ ಬೇಸ್‌ಬಾಲ್ ಕೇಳುತ್ತಿದ್ದರು. ನನಗೆ ಆ ಆಟದ ಗಂಧವಿಲ್ಲ. ಆದರೂ ಬೇಲಿಯ ಈಚೆ ನಿಂತು ಕೇಳಿದೆ. ಅವಸರವಿಲ್ಲದ, ಜಗುಲಿಯಲ್ಲಿ ಕುಳಿತು ಊರ ಸುದ್ದಿ ಹೇಳುವಂಥ ದನಿ. ಮೂರು ಇನಿಂಗ್ಸ್ ಮುಗಿಯುತ್ತಿದ್ದಂತೆ ದನಿ ಬದಲಾಯಿತು. ವೃದ್ಧರು ರೇಡಿಯೊ ಆರಿಸಿ ಒಳಗೆ ಹೊರಟರು. ಕೇಳಿದ್ದಕ್ಕೆ, "ವಿನ್ ಸ್ಕಲ್ಲಿ ಈಗ ರೇಡಿಯೊದಲ್ಲಿ ಮಾತಾಡುವುದು ಇಷ್ಟೇ ಹೊತ್ತು. ಮುಂದಿನದನ್ನು ಕೇಳಲು ಕೇಬಲ್ಲಿಗೆ ಹಣ ಕಟ್ಟಬೇಕು" ಎಂದರು.

ವಿನ್ ಸ್ಕಲ್ಲಿಗೆ ಆಗ 88 ವರ್ಷ. 1950ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ವಿವರಣೆಗಾರರಾಗಿ ಸೇರಿದವರು, 1958ರಲ್ಲಿ ತಂಡ ಲಾಸ್ ಏಂಜಲೀಸಿಗೆ ವಲಸೆ ಹೋದಾಗ ಅದರ ಜೊತೆಗೇ ಹೋದರು. 2016ರ ಅಕ್ಟೋಬರ್ 2ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಕೊನೆಯ ಪಂದ್ಯ ವಿವರಿಸಿ ನಿವೃತ್ತರಾದರು. ಒಟ್ಟು 67 ಋತು, ಒಂದೇ ತಂಡ. ಹೊಸ ಊರಿಗೆ ಬಂದ ಆರಂಭದ ನಾಲ್ಕು ವರ್ಷ ತಂಡ ಆಡಿದ್ದು ಕೊಲೀಸಿಯಂ ಎಂಬ ಬೃಹತ್ ಕ್ರೀಡಾಂಗಣದಲ್ಲಿ. ಬೇಸ್‌ಬಾಲಿಗಾಗಿ ಕಟ್ಟಿದ್ದಲ್ಲವಾದ್ದರಿಂದ ಹಲವು ಆಸನಗಳು ಅಂಕಣದಿಂದ ಬಹುದೂರ. ಹಣ ಕೊಟ್ಟು ಒಳಗೆ ಕುಳಿತವರಿಗೂ ಆಟ ಸರಿಯಾಗಿ ಕಾಣದು. ಜನ ಟ್ರಾನ್ಸಿಸ್ಟರ್ ತಂದು, ಎದುರಿಗೆ ನಡೆಯುತ್ತಿದ್ದ ಆಟವನ್ನು ಸ್ಕಲ್ಲಿಯ ದನಿಯ ಮೂಲಕ ನೋಡಿದರು. ಇದನ್ನು ಓದಿದಾಗ ನನಗೆ ನೆನಪಾದದ್ದು ಬೆಂಗಳೂರಿನ ಕ್ರಿಕೆಟ್ ಮೈದಾನದಲ್ಲಿ ಕಿವಿಗೆ ಟ್ರಾನ್ಸಿಸ್ಟರ್ ಒತ್ತಿಕೊಂಡು ಕುಳಿತಿರುತ್ತಿದ್ದ ನಮ್ಮ ಹಿರಿಯರು.

ಸ್ಕಲ್ಲಿಗೆ ಕಸುಬು ಕಲಿಸಿದವರು ರೆಡ್ ಬಾರ್ಬರ್ ಎಂಬ ಹಿರಿಯ ವಿವರಣೆಗಾರ. ಬಾರ್ಬರ್ ತಮ್ಮ ಮುಂದೆ ಮೂರು ನಿಮಿಷದ ಮರಳು ಗಡಿಯಾರವೊಂದನ್ನು ಇಟ್ಟುಕೊಳ್ಳುತ್ತಿದ್ದರು. ಮರಳು ಇಳಿದಾಗಲೆಲ್ಲ ಸ್ಕೋರು ಹೇಳುವುದು, ಗಡಿಯಾರ ತಿರುಗಿಸಿಡುವುದು. ಯಾರೋ ಒಬ್ಬ ಈಗಷ್ಟೇ ರೇಡಿಯೊ ಹಚ್ಚಿರುತ್ತಾನೆ ಎಂಬ ಕಾಳಜಿ ಅದರ ಹಿಂದಿತ್ತು. ತಂಡದ ಪರ ವಹಿಸಿ ಮಾತಾಡಬಾರದು ಎಂಬುದೂ ಅವರದೇ ಪಾಠ. ಆ ತಂಡದ ವಿವರಣೆಗಾರನಾಗಿ 67 ಋತು ಕಳೆದರೂ ಸ್ಕಲ್ಲಿ ಡಾಡ್ಜರ್ಸ್ ತಂಡವನ್ನು 'ನಾವು' ಎನ್ನದೆ 'ಅವರು' ಎಂದೇ ಹೇಳಿದರು.

ಸ್ಕಲ್ಲಿಯ ಇನ್ನೊಂದು ಗುಣ ಮೌನ. ಎಂಟು ವರ್ಷದ ಹುಡುಗನಾಗಿದ್ದಾಗ ಅವರು ಮನೆಯ ದೊಡ್ಡ ರೇಡಿಯೊದ ಕೆಳಗೆ ದಿಂಬು ಹಾಕಿ ಮಲಗಿ, ಮೇಲಿನಿಂದ ಸುರಿಯುವ ಜನಸ್ತೋಮದ ಅಬ್ಬರವನ್ನು ಕೇಳುತ್ತಿದ್ದರಂತೆ. ಆ ಅಬ್ಬರದ ಬೆಲೆ ಅವರಿಗೆ ಗೊತ್ತಿತ್ತು. 1974ರ ಏಪ್ರಿಲ್ 8ರಂದು ಅಟ್ಲಾಂಟದಲ್ಲಿ ಕಪ್ಪು ಆಟಗಾರ ಹ್ಯಾಂಕ್ ಆರನ್ 715ನೆಯ ಹೋಮ್ ರನ್ ಹೊಡೆದು ಬೇಬ್ ರೂತ್‌ನ ದಾಖಲೆ ಮುರಿದಾಗ, ಸ್ಕಲ್ಲಿ ಸಂಗತಿಯನ್ನು ಹೇಳಿ ಮೈಕಿನಿಂದ ಹಿಂದೆ ಸರಿದರು. ಕೆಲ ಹೊತ್ತು ಜನರ ಹರ್ಷೋದ್ಗಾರ ಮಾತ್ರ. ಮರಳಿ ಬಂದವರು, ಅಮೆರಿಕದ ದಕ್ಷಿಣದಲ್ಲಿ ಒಬ್ಬ ಕಪ್ಪು ಮನುಷ್ಯನಿಗೆ ಜನ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ ಎಂಬುದರ ಮಹತ್ವವನ್ನು ಕೆಲವೇ ಮಾತುಗಳಲ್ಲಿ ಹೇಳಿದರು. ಕ್ವಾಲಾಲಂಪುರದ ಕೂಗಿನಿಂದಲೇ ಗೋಲನ್ನು ಅರಿತ ನಮ್ಮ ತಂದೆಯವರಿಗೆ ಈ ಮೌನ ಸಲೀಸಾಗಿ ಅರ್ಥವಾಗುತ್ತಿತ್ತು.

ಆ ಪಕ್ಕದ ಮನೆಯ ವೃದ್ಧರು ಮೆಕ್ಸಿಕೊ ಮೂಲದವರು. ತಮ್ಮ ತಾಯಿಗೆ ಇಂಗ್ಲಿಷ್ ಬಾರದಿದ್ದುದರಿಂದ ಆಕೆ ಹೈಮೆ ಹರೀನ್ ಅವರನ್ನು ಕೇಳುತ್ತಿದ್ದರೆಂದು ಹೇಳಿದರು. ಈಕ್ವೆಡಾರ್‌ನಲ್ಲಿ ಹುಟ್ಟಿದ ಹರೀನ್ 1959ರಿಂದ 2022ರವರೆಗೆ ಅದೇ ತಂಡದ ಪಂದ್ಯಗಳನ್ನು ಸ್ಪ್ಯಾನಿಷ್ ಭಾಷೆಯಲ್ಲಿ ವಿವರಿಸಿದರು. ಆರಂಭದ ವರ್ಷಗಳಲ್ಲಿ ಪರಸ್ಥಳದ ಪಂದ್ಯಗಳಿಗೆ ಸ್ಪ್ಯಾನಿಷ್ ವಿವರಣೆಗಾರರನ್ನು ಕಳಿಸುತ್ತಿರಲಿಲ್ಲ. ಅವರು ಸ್ಟುಡಿಯೊದಲ್ಲಿ ಕುಳಿತು, ಸ್ಕಲ್ಲಿಯ ಇಂಗ್ಲಿಷ್ ವಿವರಣೆಯನ್ನು ಕೇಳುತ್ತ ಆ ಕ್ಷಣವೇ ಸ್ಪ್ಯಾನಿಷ್‌ಗೆ ತಿರುಗಿಸಿ ಹೇಳುತ್ತಿದ್ದರು. ಕೆರೆಕಟ್ಟೆಯ ಜಗುಲಿಯಲ್ಲಿ ಹದಿನಾರರ ಹುಡುಗ ಮಾಡಿದ ಕೆಲಸವನ್ನೇ ಲಾಸ್ ಏಂಜಲೀಸಿನಲ್ಲಿ ಒಬ್ಬರು ವೃತ್ತಿಯಾಗಿ ಮಾಡಿ ಲಕ್ಷಾಂತರ ಮನೆಗಳನ್ನು ತಲುಪಿದ್ದರು. ಸ್ಕಲ್ಲಿ ತೀರಿಕೊಂಡದ್ದು 2022ರ ಆಗಸ್ಟ್ 2ರಂದು. ಹರೀನ್ ನಿವೃತ್ತರಾದದ್ದು ಅದೇ ವರ್ಷ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಆ ಸಂಜೆಯ ಕೇಬಲ್ಲಿನ ಮಾತು ಬಹಳ ದಿನ ಕಾಡಿತು. ರೇಡಿಯೊ ಪ್ರಸಾರ ಪಠ್ಯಪುಸ್ತಕದ 'ಸಾರ್ವಜನಿಕ ಸರಕು'. ನಾನು ಕೇಳಿದರೆ ನಿಮಗೆ ಕಡಿಮೆಯಾಗುವುದಿಲ್ಲ, ಯಾರನ್ನೂ ಹೊರಗಿಡಲಾಗುವುದಿಲ್ಲ. ಬೀಗ ಹಾಕುವ ಉಪಾಯ ಸಿಕ್ಕಿದೊಡನೆ ಅದೇ ಸರಕು ಖಾಸಗಿಯಾಗುತ್ತದೆ. 2014ರಲ್ಲಿ ಡಾಡ್ಜರ್ಸ್ ಪಂದ್ಯಗಳು ಹೊಸದೊಂದು ಕೇಬಲ್ ವಾಹಿನಿಗೆ ಹೋದವು. ಇತರ ಕೇಬಲ್, ಉಪಗ್ರಹ ಸಂಸ್ಥೆಗಳು ಅದು ಕೇಳಿದ ದರ ಕೊಡಲೊಪ್ಪದೆ, ನಗರದ ಬಹುಪಾಲು ಮನೆಗಳಿಗೆ ಸ್ಕಲ್ಲಿಯ ಕೊನೆಯ ವರ್ಷಗಳು ಸಿಗಲೇ ಇಲ್ಲ. ಕೊನೆಯ ಕೆಲವು ಪಂದ್ಯಗಳನ್ನಷ್ಟೇ ಉಚಿತ ವಾಹಿನಿಯೊಂದು ತೋರಿಸಿತು. ಎರಡು ತಲೆಮಾರಿನ ನೆನಪಿಗೆ ದನಿ ಕೊಟ್ಟವನನ್ನು ಅವನ ಊರೇ ಕೇಳಲಾಗದ ಸ್ಥಿತಿ ಮಾರುಕಟ್ಟೆಯ ವೈಫಲ್ಯವಲ್ಲದೆ ಇನ್ನೇನು?

ನಮ್ಮಲ್ಲಿ ಸ್ಥಿತಿ ತುಸು ಭಿನ್ನ. ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ, ಕ್ರಿಕೆಟ್ ಪ್ರಸಾರದ ವಿವಾದವೊಂದರಲ್ಲೇ ಹೇಳಿತು. 2007ರ ಕಾಯ್ದೆಯು ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳುವುದನ್ನು ಕಡ್ಡಾಯ ಮಾಡಿದೆ. ರೇಡಿಯೊಗೂ ಅದು ಅನ್ವಯಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೆಯ ಕಲಮು, ದೃಶ್ಯಮಾಧ್ಯಮದಲ್ಲಿ ಅಂಧರಿಗಾಗಿ ಶ್ರವ್ಯ ವಿವರಣೆ ಒದಗಿಸುವ ಕ್ರಮಗಳನ್ನು ಸರ್ಕಾರ ಕೈಗೊಳ್ಳಬೇಕೆನ್ನುತ್ತದೆ. ಕಾನೂನಿನ ಕೊರತೆಯಂತೂ ಇಲ್ಲ.

2018ರಿಂದ ಐಪಿಎಲ್ ಪಂದ್ಯಗಳಿಗೆ ಕಿರುತೆರೆಯಲ್ಲಿ ಕನ್ನಡದ ವಿವರಣೆ ಬಂತು. ಅದು ಸ್ವಾಗತಾರ್ಹ. ಆದರೆ ಕಳೆದ ವರ್ಷ ನಾನೊಂದು ಪ್ರಯೋಗ ಮಾಡಿದೆ. ಮೊಮ್ಮಗನೊಡನೆ ಪಂದ್ಯ ನೋಡುತ್ತಿದ್ದವನು ಕಣ್ಣಿಗೆ ವಸ್ತ್ರ ಕಟ್ಟಿಕೊಂಡು ಐದು ಓವರ್ ಕೇಳಿದೆ. ನಗೆಚಾಟಿಕೆ, ಹಳೆಯ ಪಂದ್ಯಗಳ ನೆನಪು, ಜಾಹೀರಾತು, ಉದ್ಗಾರ ಎಲ್ಲವೂ ಕೇಳಿದವು. ಚೆಂಡು ಎಲ್ಲಿ ಪುಟಿಯಿತು, ಯಾವ ಕಡೆ ಹೋಯಿತು, ಯಾರು ತಡೆದರು, ಸ್ಕೋರು ಎಷ್ಟು ಎಂಬುದು ಬಹುಪಾಲು ತಿಳಿಯಲಿಲ್ಲ. ವಿವರಣೆಗಾರರನ್ನು ದೂರುವಂತಿಲ್ಲ. ಎದುರಿನವನಿಗೆ ಕಾಣುತ್ತಿದೆ ಎಂಬ ನಂಬಿಕೆಯಿಂದ ಅವರು ಮಾತಾಡುತ್ತಾರೆ. ರೇಡಿಯೊದವರು ಎದುರಿನವನಿಗೆ ಕಾಣುತ್ತಿಲ್ಲ ಎಂದು ತಿಳಿದು ಮಾತಾಡುತ್ತಿದ್ದರು. ಎರಡೂ ಬೇರೆ ಬೇರೆ ಕಸುಬು.

ಈ ಪ್ರಯೋಗದ ಹಿಂದೆ ಸ್ವಂತದ ಕಾರಣವೂ ಇದೆ. ತಂದೆಯವರ ಕಾಯಿಲೆ ಅನುವಂಶೀಯ. ನನ್ನ ಎಡಗಣ್ಣಿನ ನೋಟದ ಅಂಚು ಕುಗ್ಗುತ್ತಿರುವುದನ್ನು ವೈದ್ಯರು ಮೂರು ವರ್ಷಗಳ ಹಿಂದೆ ತೋರಿಸಿಕೊಟ್ಟರು. ಬೇಗ ಗೊತ್ತಾದ್ದರಿಂದ ನಿತ್ಯದ ಹನಿಔಷಧಿಯಿಂದ ತಡೆಹಿಡಿಯಬಹುದೆಂಬ ಭರವಸೆ ಇದೆ. ನಲವತ್ತು ದಾಟಿದವರು, ಅದರಲ್ಲೂ ಮನೆತನದಲ್ಲಿ ಈ ಕಾಯಿಲೆ ಇದ್ದವರು, ಕಣ್ಣಿನ ಒತ್ತಡವನ್ನು ತಪ್ಪದೆ ಪರೀಕ್ಷಿಸಿಕೊಳ್ಳಲಿ ಎಂಬುದು ಈ ನೆಪದಲ್ಲಿ ನನ್ನ ವಿನಂತಿ.

ಕಾಣದವರು ಆಟದಿಂದ ದೂರ ಎಂದು ಭಾವಿಸಬೇಕಿಲ್ಲ. ಒಳಗೆ ಗುಂಡುಗಳು ಗಲಗಲಿಸುವ ಚೆಂಡನ್ನು ಕಿವಿಯಿಂದ ಹಿಂಬಾಲಿಸಿ ಆಡುವ ಅಂಧರ ಕ್ರಿಕೆಟ್ಟಿಗೆ ಕರ್ನಾಟಕವೇ ನೆಲೆ. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಮೊದಲ ಟಿ20 ವಿಶ್ವಕಪ್ಪನ್ನು ಭಾರತಕ್ಕೆ ಗೆದ್ದುಕೊಟ್ಟ ನಾಯಕ ಶೇಖರ್ ನಾಯ್ಕ್ ನಮ್ಮ ನೆರೆಯ ಶಿವಮೊಗ್ಗ ಜಿಲ್ಲೆಯವರು. 2017ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. 2025ರ ನವೆಂಬರ್‌ನಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ಟಿ.ಸಿ. ದೀಪಿಕಾ ಕೂಡ ಕನ್ನಡತಿ. ಇಂಥ ಆಟಗಾರರನ್ನು ಕೊಟ್ಟ ನಾಡಿನಲ್ಲಿ, ಕಾಣದವನೊಬ್ಬ ಕನ್ನಡದಲ್ಲಿ ಒಂದು ಪಂದ್ಯವನ್ನು ಆರಂಭದಿಂದ ಕೊನೆಯವರೆಗೆ ಚೆಂಡುಚೆಂಡಾಗಿ ಕೇಳುವಂತಿರಬೇಕು ಎಂಬುದು ಅತಿಯಾಸೆಯಲ್ಲ.

ರೇಡಿಯೊಗೆ 'ಆಕಾಶವಾಣಿ' ಎಂಬ ಹೆಸರು ಮೊದಲು ಸಂದದ್ದು ಮೈಸೂರಿನಲ್ಲಿ, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಸ್ವಂತ ಆಸಕ್ತಿಯಿಂದ ಆರಂಭಿಸಿದ ನಿಲಯಕ್ಕೆ. ಜಂಬೂಸವಾರಿಯ ಆನೆಯ ಹೆಜ್ಜೆಯನ್ನು, ಅಂಬಾರಿಯ ಹೊಳಪನ್ನು ಕಾಣದವರಿಗೆ ಕಟ್ಟಿಕೊಟ್ಟ ಪರಂಪರೆ ನಮ್ಮ ನಿಲಯಗಳಿಗಿದೆ. ಇಂದು ಹಳೆಯ ಮಧ್ಯಮ ತರಂಗ ಪ್ರಸಾರಕಗಳು ಹಂತಹಂತವಾಗಿ ಮುಚ್ಚುತ್ತಿವೆ. ದನಿ ಮೊಬೈಲಿಗೆ ಸ್ಥಳಾಂತರಗೊಂಡಿದೆ. ಇದರಿಂದ ಖರ್ಚು ಕಡಿಮೆಯಾಗಿದೆಯೇ ಹೊರತು ಹೆಚ್ಚಿಲ್ಲ. ರಾಜ್ಯದ ರಣಜಿ ಪಂದ್ಯಗಳಿಗೆ, ಕಬಡ್ಡಿಗೆ, ಕೊಡವ ಹಾಕಿ ಉತ್ಸವಕ್ಕೆ ಕನ್ನಡದಲ್ಲಿ ವೀಕ್ಷಕ ವಿವರಣೆ ನೀಡಲು ಬೇಕಾಗಿರುವುದು ಒಂದು ಮೈಕು, ತರಬೇತಿ ಪಡೆದ ಇಬ್ಬರು ಯುವಕ ಯುವತಿಯರು. ಅವರ ಮೇಜಿನ ಮೇಲೆ ಮೂರು ನಿಮಿಷದ ಮರಳು ಗಡಿಯಾರವೊಂದನ್ನು ಇಡಿಸುವ ಖರ್ಚನ್ನು ನಾನೇ ಕೊಡಬಲ್ಲೆ.

ಕಣ್ಣಿಗೆ ವಸ್ತ್ರ ಕಟ್ಟಿಕೊಂಡಿದ್ದ ಆ ಸಂಜೆ ಐದನೆಯ ಓವರ್ ಮುಗಿಯುವ ಹೊತ್ತಿಗೆ ಮೊಮ್ಮಗನಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. ಹತ್ತಿರ ಸರಿದು, ತಾನೇ ಹೇಳತೊಡಗಿದ. ಅವನ ಮೆಚ್ಚಿನ ಆಟಗಾರ ಸೊನ್ನೆಗೆ ಔಟಾದ ಚೆಂಡು ಬಂದಾಗ ಅವನ ಮಾತು ನಿಂತಿತು. ನಾನು ಕಾದೆ. ಸ್ವಲ್ಪ ಹೊತ್ತಿನ ಮೇಲೆ, "ಔಟ್, ತಾತಾ" ಎಂದ.